ಹಸಿ ನೆಲದ ಕಬ್ಬಿಣ

"ಆ ಗೂಟದ ತಂಟೆಗೆ ಮಾತ್ರ ಹೋಗಬೇಡ, ಅಳಿಯ. ಮನೆಯೆಲ್ಲ ನಿಂದೇ ಅಂದ್ಕೋ. ಅದೊಂದು ಯಾರದ್ದೂ ಅಲ್ಲ."

ಮಾವನ ಮನೆಗೆ ತಲೆಮಾರುಗಳಿಂದ ದುಡಿಯುತ್ತ ಬಂದ ಮನೆತನದ ಕಮ್ಮಾರಗಿತ್ತಿ ಕೆಲ್ಲಾ ಹೀಗೆ ಹೇಳುವಾಗ ಮೊಕ್ರಾನ್ ಅಂಗಳಕ್ಕೆ ತೆರೆದ ಪಡಸಾಲೆಯಲ್ಲಿ ಗಿಟಾರಿನ ಆಂಪ್ಲಿಫೈಯರ್ ಪೆಟ್ಟಿಗೆಯ ಬೆನ್ನಿನ ಹಲಗೆ ಬಿಚ್ಚುತ್ತಿದ್ದ. ತಿರುಪುಮೊಳೆಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರಿಂದ ಅವನ ನಗು ಮೂಗಿನಿಂದ ಹೊರಬಂತು.

ಬಾಣಂತಿಯ ಗುಡಾರವನ್ನು ಅಂಗಳದ ಮೂಲೆಯಲ್ಲಿ ಹಾಕಿದ್ದರು. ಒಳಗೆ ಅವನ ಹೆಂಡತಿ ಫೆನ್ನಾ, ಅವಳ ಮಗ್ಗುಲಲ್ಲಿ ಇನ್ನೂ ಹೆಸರಿಡದ ಗಂಡುಕೂಸು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂದು ಅವಳು ಅಲ್ಜಿಯರ್ಸ್ ಬಿಟ್ಟು ತಮನ್ರಾಸೆತ್‌ಗೆ ಬಂದಿದ್ದಳು. ಮೊಕ್ರಾನ್ ಬಂದಿಳಿದದ್ದು ನೆನ್ನೆ. ಗುಡಾರದ ಹಿಂಬದಿಯಲ್ಲಿ, ಒಳಗೆ ಮಗುವಿನ ತಲೆ ಬರುವ ಜಾಗಕ್ಕೆ ಸರಿಯಾಗಿ, ನೆಲದಿಂದ ಮೊಣಕಾಲೆತ್ತರಕ್ಕೆ ಒಂದು ಕಬ್ಬಿಣದ ಗೂಟ ಎದ್ದಿತ್ತು. ಊರಿಗೆ ಊರೇ ಒಣಗಿ ಸುಣ್ಣದಂತೆ ಬಿಳಿಚಿಕೊಂಡಿರುವಾಗ ಆ ಗೂಟದ ಬುಡದ ಒಂದು ಮೊಳ ನೆಲ ಮಾತ್ರ ಕಪ್ಪಗೆ ಹಸಿಯಾಗಿತ್ತು. ಕೆಲ್ಲಾ ಬೆಳಿಗ್ಗೆ ನೀರು, ಸಂಜೆ ಆಡಿನ ಹಾಲು ಸುರಿಯುತ್ತಿದ್ದಳು. ಹುಳಿತ ಹಾಲು, ತುಕ್ಕು, ಅದರಡಿಯಲ್ಲಿ ಇನ್ನೇನೋ ಒಂದರ ನಾತ. ಬಹಳ ದಿನ ಮುಚ್ಚಿದ್ದ ಬಾಯಿ ತೆರೆದಾಗ ಬರುವಂಥ ನಾತ.

"ಕೆಳಗೇನಿದೆ ಕೆಲ್ಲಮ್ಮಾ, ಚಿನ್ನವಾ?"

"ಮಾಟ ಇದೆ." ಕೆಲ್ಲಾ ಕಣ್ಣು ಮಿಟುಕಿಸಲಿಲ್ಲ. "ಹಿಂದೆ ಈ ಮನೆಯವರು ನಾಮಕರಣಕ್ಕೆ ಟಗರು ಕಡಿದರು. ಕಮ್ಮಾರನಿಗೆ ಸಲ್ಲಬೇಕಾದ ಕುತ್ತಿಗೆಯ ಪಾಲು ಕೊಡದೆ ಬರಿಗೈಲಿ ಕಳಿಸಿದರು. ಅವನು ನಮ್ಮಜ್ಜಿಯ ಅಣ್ಣ. ಹೊಸಿಲಲ್ಲೇ ಕೂತು, 'ನಂಗೆ ಮಾಂಸ ಕೊಡಲಿಲ್ಲ ಅಲ್ವಾ, ನಿಮ್ಮ ಕೂಸುಗಳ ದನಿ ಇನ್ಮೇಲೆ ನನ್ನ ಪಾಲು' ಅಂತ ಕಟ್ಟುಹಾಕಿ ಹೋದ. ಆಮೇಲೆ ಹುಟ್ಟಿದವು ಯಾವುವೂ ಹೆಸರಿಡೋ ದಿನ ಕಾಣಲಿಲ್ಲ. ಬಾಯಿ ತೆರೀತಿದ್ದವಂತೆ, ದನಿ ಇರ್ತಿರಲಿಲ್ಲವಂತೆ. ದನಿಯ ಹಿಂದೆಯೇ ಉಸಿರು. ನಮ್ಮಜ್ಜಿ ತನ್ನ ಅಣ್ಣನ ಮಾಟವನ್ನ ತಾನೇ ಹೂತು, ಮೇಲೆ ಈ ಕಬ್ಬಿಣ ಹೊಡೆದಳು. ಅದಕ್ಕೆ ಬಾಯಾರಬಾರದು, ಅದಕ್ಕೇ ಹಾಲು."

"ನಮ್ಮ ಕಡೆ ಹಾಲನ್ನ ಕೂಸಿಗೆ ಕುಡಿಸ್ತೀವಿ," ಎಂದ ಮೊಕ್ರಾನ್.

ಪಕ್ಕದಲ್ಲಿ ಕೂತು ಗಿಟಾರಿನ ತಂತಿ ಒರೆಸುತ್ತಿದ್ದ ಭಾವಮೈದ ಉಕ್ಸೆಮ್ ಕಿಸಕ್ಕನೆ ನಕ್ಕವನು, ಕೆಲ್ಲಾಳ ಮುಖ ನೋಡಿ ತಲೆವಸ್ತ್ರವನ್ನು ಬಾಯಿಯವರೆಗೆ ಎಳೆದುಕೊಂಡ. ಕೆಲ್ಲಾ ಎದ್ದಳು. ನಾಳಿನ ನಾಮಕರಣದ ಅಡುಗೆಗೆ ನೆರೆಯವರಿಂದ ಕೊಪ್ಪರಿಗೆ ತರಬೇಕಿತ್ತು. ಹೋಗುವಾಗ ಉಕ್ಸೆಮ್‌ಗೆ ಹೇಳಿದ್ದು ಒಂದೇ ಮಾತು: "ಗುಡಾರ ಬಿಟ್ಟು ಕದಲಬೇಡ. ಬಾಣಂತೀನ, ಮಗೂನ ಒಂಟಿ ಬಿಡೋ ಹೊತ್ತಲ್ಲ ಇದು."

ಗಾಳಿ ಆಗಲೇ ಎದ್ದಿತ್ತು. ತೆಂಕಣದ ಬೆಟ್ಟಗಳ ಮೇಲೆ ಕೆಂಪು ಗೋಡೆಯೊಂದು ನಿಂತಿತ್ತು.

"ಭಾವ, ಒಂಟೆ ಹತ್ತಕ್ಕೆ ಬರಲ್ಲ. ತಲೆಗೆ ಬಟ್ಟೆ ಸುತ್ತಕ್ಕೆ ಬರಲ್ಲ. ಇದೊಂದನ್ನಾದರೂ ರಿಪೇರಿ ಮಾಡು ಮಾರಾಯ," ಎಂದ ಉಕ್ಸೆಮ್. "ನಾಳೆ ಜನ, ನಿಮ್ಮ ಅಳಿಯಂದಿರು ಏನು ಮಾಡ್ತಾರೆ ಅಂತ ಕೇಳಿದರೆ, ಮಕ್ಕಳು ಮಾಡ್ತಾರೆ ಅಂತ ಹೇಳೋ ಗತಿ ತರಬೇಡ."

"ನಿನ್ನ ಕೈಲಿ ಅದೂ ಆಗಿಲ್ಲವಲ್ಲ."

ಗುಡಾರದೊಳಗಿಂದ ಫೆನ್ನಾಳ ನಗು ಕೇಳಿಸಿತು. ಆಯಾಸದ, ಹಾಲಿನ ವಾಸನೆಯ ನಗು. ಹಿಂದೆಯೇ ಕೂಸು ಕಿರ್ರೆಂದು ರಾಗ ತೆಗೆಯಿತು. ರಾತ್ರಿಯೆಲ್ಲ ಆ ಅಳುವನ್ನು ಗೋಡೆಯಾಚೆಯಿಂದ ಕೇಳಿ ಮೊಕ್ರಾನ್‌ಗೆ ಕಣ್ಣು ಉರಿಯುತ್ತಿತ್ತು. ಆದರೂ ಅದು ಶುರುವಾದಾಗಲೆಲ್ಲ ಅವನ ಕೈ ತಾನಾಗಿ ನಿಂತುಬಿಡುತ್ತಿತ್ತು. ಅಲ್ಜಿಯರ್ಸ್‌ನ ರಿಪೇರಿ ಅಂಗಡಿಯಲ್ಲಿ, ಗಾಜಿನ ವಾಲ್ವಿನ ಹಳೇ ಪೆಟ್ಟಿಗೆಗಳ ಗೊರಗೊರವನ್ನು ಕಿವಿಯಿಂದಲೇ ಹಿಡಿದು ಹೊಟ್ಟೆ ಹೊರೆಯುವವನು ಅವನು. ಇಂಥ ಸದ್ದನ್ನು ಮಾತ್ರ ಹಿಂದೆ ಕೇಳಿರಲಿಲ್ಲ.

ಪೆಟ್ಟಿಗೆಯ ಸ್ವಿಚ್ಚು ಹಾಕಿದ. ವಾಲ್ವುಗಳಲ್ಲಿ ಕಿತ್ತಳೆ ಕಿಡಿ ಕೂತಿತು. ಬಿಸಿಯಾದ ಧೂಳಿನ ಕಮಟು. ಹೂಂ... ಎಂದು ಎದೆಗೂಡಿಗೇ ತಾಗುವಂಥ ಗುಂಯ್‌ಗುಡಿತ, ಅದರ ಮೇಲೆ ಚರಚರ. ಗಿಟಾರಿನಿಂದ ಪೆಟ್ಟಿಗೆಗೆ ಬರುವ ಕೇಬಲ್ ಕಿತ್ತ. ಗುಂಯ್ ಹಾಗೇ ಇತ್ತು. ಅಂದರೆ ಗಿಟಾರಿನ ತಪ್ಪಲ್ಲ. ಸದ್ದಿನ ತಿರುಗಣೆಯನ್ನು ಪೂರ್ತಿ ಇಳಿಸಿದ. ಚರಚರ ಹೋಯಿತು, ಗುಂಯ್ ಹೋಗಲಿಲ್ಲ. ಒಂದೊಂದು ವಾಲ್ವನ್ನೂ ಪೆನ್ಸಿಲ್ಲಿನಿಂದ ತಟ್ಟಿ ಕಿವಿಗೊಟ್ಟ. ಒಂದು ವಾಲ್ವು ಗಂಟೆಯಂತೆ ಟಿಣ್ ಎಂದಿತು, ಅದನ್ನು ಬದಲಿಸಿದ. ಗುಂಯ್ ಇತ್ತು. ಟ್ಯೂಬ್‌ಲೈಟು, ಮೊಬೈಲಿನ ಚಾರ್ಜರು, ಪಡಸಾಲೆಯ ಫ್ರಿಜ್ಜು ಎಲ್ಲವನ್ನೂ ಆರಿಸಿದ.

"ಫ್ರಿಜ್ಜಲ್ಲಿ ನಾಳೆಯ ಮಾಂಸದ ಜಾಗಕ್ಕೆ ನಿನ್ನ ಮಾನ ಇಡೋಣ," ಎಂದ ಉಕ್ಸೆಮ್. "ಕೆಡ್ತಾ ಇದೆ."

"ಸುಮ್ನಿರು. ಸಿಕ್ತು."

ಗೋಡೆಯ ಪ್ಲಗ್ಗಿನ ಮೂರನೇ ತೂತು ಬರೀ ತೂತು. ಅದರ ಹಿಂದೆ ತಂತಿಯೇ ಇರಲಿಲ್ಲ. ಅರ್ಥಿಂಗ್ ಇಲ್ಲದ ಮನೆ. ಬೇಡದ ಸದ್ದು ನೆಲಕ್ಕೆ ಇಳಿದುಹೋಗಲು ದಾರಿಯಿಲ್ಲದೆ ಪೆಟ್ಟಿಗೆಯೊಳಗೇ ಸುತ್ತುತ್ತಿತ್ತು. ಮೊಕ್ರಾನ್ ಒಂದು ಸರಳನ್ನು ಅಂಗಳದಲ್ಲಿ ಹೊಡೆದು, ಪೆಟ್ಟಿಗೆಯಿಂದ ಹಸಿರು ತಂತಿ ಎಳೆದು ಕಟ್ಟಿ ನೋಡಿದ. ಪ್ರಯೋಜನವಾಗಲಿಲ್ಲ. ಒಣ ಮರಳು ಕರೆಂಟಿಗೆ ಕಲ್ಲಿಗಿಂತ ಕಡೆ. ಬಿಂದಿಗೆ ನೀರು ಸುರಿದ. ಮರಳು ಗುಟುಕ್ಕೆಂದು ಕುಡಿದು ಮತ್ತೆ ಬಿಳಿಯಾಯಿತು.

ಆಗ ಅವನ ಕಣ್ಣು ಗುಡಾರದ ಹಿಂಬದಿಗೆ ಹೋಯಿತು.

ಯಾವ ಕಾಲದಿಂದಲೋ ನೀರುಂಡ ನೆಲ. ಅದರಲ್ಲಿ ಆಳಕ್ಕೆ ಇಳಿದ ಕಬ್ಬಿಣ. ಹುಡುಕಿದರೂ ಸಿಗದಂಥ ಅರ್ಥಿಂಗು!

"ಭಾವ, ಬೇಡ," ಎಂದ ಉಕ್ಸೆಮ್. ದನಿಯಲ್ಲಿ ತಮಾಷೆ ಇರಲಿಲ್ಲ.

"ನಾನೇನು ಕೀಳ್ತೀನಾ? ಒಂದು ಕ್ಲಿಪ್ಪು ಕಚ್ಚಿಸ್ತೀನಿ ಅಷ್ಟೆ. ಸದ್ದು ಇಳಿದುಹೋಗತ್ತೆ, ನಿಮ್ಮ ಮಾಟಕ್ಕೂ ಸ್ವಲ್ಪ ಸಂಗೀತ ಸಿಗತ್ತೆ."

"ಕೆಲ್ಲಮ್ಮ ಬರಲಿ. ಒಂದು ಮಾತು ಕೇಳಿ—"

"ಕಮ್ಮಾರಗಿತ್ತೀನ ಕೇಳಿ ನಾನು ವೈರಿಂಗ್ ಮಾಡ್ಬೇಕಾ?"

ತಂತಿ ಎಳೆದ. ಗೂಟದ ಬಳಿ ಕೂತಾಗ ಮಂಡಿಗೆ ತಣ್ಣನೆಯ ಹಸಿ ತಾಗಿತು. ಅಷ್ಟು ಬಿಸಿಲಲ್ಲೂ ಕಬ್ಬಿಣ ತಣ್ಣಗಿತ್ತು, ಬಾವಿಯೊಳಗಿನ ಕಲ್ಲಿನಂತೆ. ಕ್ಲಿಪ್ಪಿನ ಹಲ್ಲುಗಳನ್ನು ತೆರೆದು ಗೂಟಕ್ಕೆ ಕಚ್ಚಿಸಿದ. ಬುಡದ ಕೆಸರಿನಲ್ಲಿ ಒಂದು ಗುಳ್ಳೆ ಎದ್ದು ಒಡೆಯಿತು. ಅವನು ನೋಡಲಿಲ್ಲ.

ಪಡಸಾಲೆಯಲ್ಲಿ ಗುಂಯ್‌ಗುಡಿತ ಕತ್ತರಿಸಿದಂತೆ ನಿಂತಿತು.

ಅಂಥ ನಿಶ್ಶಬ್ದವನ್ನು ಮೊಕ್ರಾನ್ ತನ್ನ ಅಂಗಡಿಯಲ್ಲೂ ಕೇಳಿರಲಿಲ್ಲ. ಪೆಟ್ಟಿಗೆ ಚಾಲೂ ಇದೆ, ಆದರೆ ಇಲ್ಲವೇ ಇಲ್ಲವೆಂಬಂತೆ. "ಈಗ ನುಡಿಸು ನೋಡೋಣ, ಬಾಯಿಬಡುಕ," ಎನ್ನುತ್ತಾ ಪಡಸಾಲೆಗೆ ಬಂದ. ಉಕ್ಸೆಮ್ ಅಳುಕುತ್ತಲೇ ಕೇಬಲ್ ಸಿಕ್ಕಿಸಿ ಒಂದು ಸ್ವರ ಮೀಟಿದ. ಸ್ವರ ಜೇನಿನಂತೆ ಇಳಿಯಿತು. ಅವನ ಕಣ್ಣು ಅರಳಿತು. "ಭಾವ! ಇದು ಇಷ್ಟು ಚೆನ್ನಾಗಿ ಯಾವತ್ತೂ..."

ಮಾತು ಅಲ್ಲಿಗೇ ನಿಂತಿತು. ಕೆಂಪು ಗೋಡೆ ಊರಿನ ಮೇಲೆ ಬಿದ್ದಿತ್ತು. ಸೂರ್ಯ ಆರಿದ. ಹಗಲೇ ಮಬ್ಬು ಕವಿದು, ಮರಳು ಕಿಟಕಿಯ ತಗಡಿಗೆ ಹಿಡಿ ಹಿಡಿಯಾಗಿ ಬಡಿಯಿತು. ಕತ್ತಲಲ್ಲಿ ವಾಲ್ವುಗಳು ಮಾತ್ರ ಕಾಣುತ್ತಿದ್ದವು. ಅವು ಕಿತ್ತಳೆಯಾಗಿರಲಿಲ್ಲ. ನೀಲಿ.

ಸ್ಪೀಕರಿನೊಳಗಿಂದ ಕೂಸು ಅತ್ತಿತು.

ಮೊದಲು ಸಣ್ಣಗೆ. ಕಿರ್ರೆಂದು. ಮೊಕ್ರಾನ್‌ಗೆ ರಾತ್ರಿಯೆಲ್ಲ ಕೇಳಿದ ಅದೇ ರಾಗ, ಕೊನೆಯಲ್ಲಿ ಬಿಕ್ಕುವ ಅದೇ ಬಿಕ್ಕು.

"ಗಿಟಾರೇ ಎಳ್ಕೋತಾ ಇದೆ," ಎಂದ ಅವನು. "ಹಳೇ ಗಿಟಾರುಗಳು ಹಾಗೇ. ಹತ್ತಿರದ ಸದ್ದನ್ನ ಹಿಡೀತವೆ. ಕೇಬಲ್ ಕಿತ್ತುಬಿಡು."

ಉಕ್ಸೆಮ್ ಕೀಳಲಿಲ್ಲ. ಅವನಿಂದ ಆಗಲಿಲ್ಲ. ಗಿಟಾರಿನ ತಂತಿ ಬಿಗಿಯುವ ಕಿವಿಗಳು ತಾವಾಗಿ ತಿರುಗುತ್ತಿದ್ದವು. ಕಿರಕಿರ. ತಂತಿಗಳು ಎಡಗೈಗೆ ಸುತ್ತಿಕೊಂಡು ಬಿಗಿದವು. ಅವುಗಳ ಅಡಿಯಲ್ಲಿ ಸಿಕ್ಕಿದ್ದ ಅವನ ಬೆರಳುಗಳ ಮೇಲೆ ಚರ್ಮ ಬೆಳ್ಳಗಾಯಿತು, ಆಮೇಲೆ ಸೀಳಿತು. "ಭಾವ! ಭಾವ!" ರಕ್ತ ಗಿಟಾರಿನ ಕತ್ತಿನುದ್ದಕ್ಕೂ ಹರಿಯಿತು. ತಂತಿ ಎಲುಬಿಗೆ ತಾಗಿದಾಗ ಆ ಸದ್ದೂ ಸ್ಪೀಕರಿನಲ್ಲಿ ಬಂತು. ಗರಗಸದ ಸದ್ದು. ಅವನ ಹಿಮ್ಮಡಿಗಳು ನೆಲಕ್ಕೆ ದಬದಬ ಬಡಿದುಕೊಂಡವು. ಹಲ್ಲು ಕಚ್ಚಿ ನಾಲಿಗೆ ತುಂಡಾಗಿ ಬಾಯಿಂದ ಕೆಂಪು ನೊರೆ ಬಂತು. ಟಪ್. ಟಪ್. ಟಪ್. ಬೆರಳುಗಳು ಚಾಪೆಯ ಮೇಲೆ ಬಿದ್ದವು. ತಂತಿಗಳು ಸಡಿಲಾದವು. ಉಕ್ಸೆಮ್ ಗೋಡೆಗೆ ಎಸೆದ ಮೂಟೆಯಂತೆ ಹೋಗಿ ಬಿದ್ದು ಮುದುರಿಕೊಂಡ.

ಮೊಕ್ರಾನ್ ಪ್ಲಗ್ ಕಿತ್ತ. ಅಳು ನಿಲ್ಲಲಿಲ್ಲ.

ಕರೆಂಟಿಲ್ಲ, ಆದರೂ ವಾಲ್ವುಗಳು ನೀಲಿಯಿಂದ ಬಿಳಿಗೆ ತಿರುಗಿದವು. ಬರಿಗೈಲೇ ಒಂದನ್ನು ಹಿಡಿದು ಎಳೆದ. ಅಂಗೈ ಚುರ್ ಎಂದಿತು. ಸುಟ್ಟ ತೊಗಲಿನ ನಾತ ಮೂಗಿಗೆ ಅಡರಿತು. ಗಾಜು ಬಂತು, ಗಾಜಿನ ಜೊತೆ ಅಂಗೈಯ ಸಿಪ್ಪೆಯೂ ಬಂತು. ಇನ್ನೊಂದು. ಮತ್ತೊಂದು. ಎಲ್ಲವನ್ನೂ ಕಿತ್ತು ಗೋಡೆಗೆ ಬಡಿದ. ಬರಿದಾದ ಪೆಟ್ಟಿಗೆಯಿಂದ ಅಳು ಇನ್ನೂ ಗಟ್ಟಿಯಾಯಿತು. ಈಗ ಅದರ ಹಿಂದೆ ಬೇರೆ ದನಿಗಳೂ ಇದ್ದವು. ಎಳೆಯವು. ಬಹಳ.

ಆಗ ಅಂಗಳದಿಂದ ಫೆನ್ನಾ ಕೂಗಿದಳು. ಹೆಸರಲ್ಲ, ಮಾತಲ್ಲ. ಬರೀ ಕೂಗು.

ಗುಡಾರದೊಳಗೆ ಕಂದೀಲು ಓಲಾಡುತ್ತಿತ್ತು. ಫೆನ್ನಾ ಮಗುವನ್ನು ಎದೆಗೆ ಒತ್ತಿಕೊಂಡು, ಬೆನ್ನು ತಟ್ಟುತ್ತಾ, ತಲೆಕೆಳಗು ಮಾಡುತ್ತಾ, ಮತ್ತೆ ಒತ್ತಿಕೊಳ್ಳುತ್ತಾ ಇದ್ದಳು. "ಅಳು ಕಂದಾ, ಅಳಪ್ಪಾ!" ಮಗುವಿನ ಬಾಯಿ ಕಿವಿಯವರೆಗೆ ತೆರೆದಿತ್ತು. ಕಿರುನಾಲಗೆ ನಡುಗುತ್ತಿತ್ತು. ಕತ್ತಿನ ನರ ಉಬ್ಬಿತ್ತು. ಅದು ಜೀವ ಹೋಗುವಂತೆ ಅಳುತ್ತಿತ್ತು. ದನಿ ಮಾತ್ರ ಪಡಸಾಲೆಯಿಂದ ಬರುತ್ತಿತ್ತು.

ಮೊಕ್ರಾನ್ ಗುಡಾರದ ಹಿಂದಕ್ಕೆ ಓಡಿದ. ಗೂಟ ಕೆಂಪಗೆ ಕಾದಿತ್ತು. ಸುತ್ತಲ ಕೆಸರು ಹಾಲಿನಂತೆ ಕುದಿಯುತ್ತಿತ್ತು. ಕ್ಲಿಪ್ಪು ಕಬ್ಬಿಣದೊಳಕ್ಕೇ ಕರಗಿ ಒಂದಾಗಿತ್ತು. ಎಳೆದ. ಬರಲಿಲ್ಲ. ಕಾಲು ಕೊಟ್ಟು ಎಳೆದ. ಚಪ್ಪಲಿ ಕರಗಿ ಪಾದಕ್ಕೆ ಅಂಟಿತು.

ಮರಳಿನ ಮಬ್ಬನ್ನು ಸೀಳಿಕೊಂಡು ಕೆಲ್ಲಾ ಬಂದಳು. ಕೊಪ್ಪರಿಗೆ ಎಲ್ಲೋ ಬಿಸಾಡಿದ್ದಳು. ಒಂದೇ ನೋಟಕ್ಕೆ ಎಲ್ಲ ತಿಳಿಯಿತು.

"ಮುಂಡೇಮಗನೇ! ದಾರಿ ಮಾಡಿಕೊಟ್ಟೆಯಾ!"

"ಸದ್ದು ಇಳೀಲಿ ಅಂತ... ಕೆಳಗೆ ಇಳೀಲಿ ಅಂತ..."

"ಇಳಿಯೋ ದಾರೀಲಿ ಹತ್ತೋಕೆ ಬರಲ್ವಾ?"

ಸೌದೆ ಕೊಡಲಿ ಕೈಗೆ ಸಿಕ್ಕಿತು. ಮೊಕ್ರಾನ್ ತಂತಿಯನ್ನು ಕಲ್ಲಿನ ಮೇಲಿಟ್ಟು ಹೊಡೆದ. ತಂತಿ ತುಂಡಾಯಿತು. ಗೂಟದ ಕಡೆಯ ಚೂರು ಹಾವಿನ ಬಾಲದಂತೆ ಎರಡು ಸಲ ಒದ್ದಾಡಿ ಸತ್ತಿತು. ಪಡಸಾಲೆಯ ಪೆಟ್ಟಿಗೆ ಸುಮ್ಮನಾಯಿತು. ಒಂದು ಕ್ಷಣ ಎಲ್ಲ ಮುಗಿಯಿತೆಂದುಕೊಂಡ. ಆಮೇಲೆ ಅವನ ಮುಷ್ಟಿಯಲ್ಲೇ ಕೂಸು ಅತ್ತಿತು. ಕತ್ತರಿಸಿದ ತಾಮ್ರದ ತುದಿಯಿಂದ. ಸಣ್ಣಗೆ, ಹತ್ತಿರದಿಂದ.

"ಅದು ಮೇಲೆ ಬಂದಾಗಿದೆ," ಎಂದಳು ಕೆಲ್ಲಾ. "ಮತ್ತೆ ಹೂಳಕ್ಕೆ ನಂಗೆ ಬರಲ್ಲ. ನಮ್ಮಜ್ಜಿಗೆ ಬರ್ತಿತ್ತು. ಅದಕ್ಕೊಂದು ಜಾಗ ಬೇಕು. ಕೂಸಿನ ಗಂಟಲು ಹುಡುಕ್ತಾ ಇದೆ. ಒಳಗೆ ಹೋದರೆ ಮುಗೀತು."

"ಬೇರೆ ಜಾಗ? ಬೇರೆ ಯಾವುದಾದರೂ..."

"ಕರೆದೋನ ಹತ್ತಿರ ಹೋಗತ್ತೆ. ಕಿವಿ ಕೊಟ್ಟರೆ."

"ಕಿವಿ ಕೊಟ್ಟರೆ ಅಂದರೆ?"

ಕೆಲ್ಲಾ ತಾಮ್ರದ ತುದಿಯನ್ನು ನೋಡಿದಳು. ಅವನ ತಲೆಯನ್ನು ನೋಡಿದಳು.

ಗುಡಾರದೊಳಗೆ ಫೆನ್ನಾ ಕೂಗುವುದನ್ನು ನಿಲ್ಲಿಸಿದ್ದಳು. ಅದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು. ಗುಡಾರದ ಪರದೆ ಸರಿಸಿ ಇಣುಕಿದ. ಮಗುವಿನ ತುಟಿ ನೇರಳೆಯಾಗಿತ್ತು. ಪುಟ್ಟ ಮುಷ್ಟಿಗಳು ಬಿಚ್ಚಿಕೊಳ್ಳುತ್ತಿದ್ದವು.

ಅವನು ಯೋಚಿಸಲಿಲ್ಲ. ಯೋಚಿಸಿದ್ದರೆ ಆಗುತ್ತಿರಲಿಲ್ಲ. ಮಂಡಿಯೂರಿದ. ತಂತಿಯ ತುದಿಯನ್ನು ಬಲಗಿವಿಗೆ ಇಟ್ಟ. ತಾಮ್ರ ಬಿಸಿ ಉಸಿರಿನಂತೆ ತಾಗಿತು. ತಳ್ಳಿದ. ಏನೋ ಹರಿಯಿತು, ಒಣ ಎಲೆ ಹರಿದ ಹಾಗೆ. ಇನ್ನೂ ತಳ್ಳಿದ. ತಲೆಯೊಳಗೆ ಬಿಳಿಯ ಬೆಂಕಿ. ರಕ್ತ ಕುತ್ತಿಗೆಗಿಳಿಯಿತು. ವಾಂತಿಯಾಯಿತು. ಅಳು ಅರ್ಧವಾಯಿತು. ಅರ್ಧ ಮಾತ್ರ! "ಇನ್ನೊಂದು!" ಕೆಲ್ಲಾಳ ಕೂಗು ದೂರದಿಂದ ಬಂತು. "ಇನ್ನೊಂದು ಕಿವಿ!" ಗುರಿ ತಪ್ಪಿ ತುದಿ ಕೆನ್ನೆಗೆ ಚುಚ್ಚಿತು. ಕೆಲ್ಲಾ ಅವನ ತಲೆಯನ್ನು ತೊಡೆಗೆ ಒತ್ತಿ ಹಿಡಿದಳು, ಟಗರಿನ ತಲೆ ಹಿಡಿಯುವ ಹಾಗೆ. ಅವನು ತಳ್ಳಿದ.

ಕೊನೆಗೆ ಕೇಳಿದ್ದು ತನ್ನದೇ ಅರಚಾಟ. ಅದೂ ನಡುವೆಯೇ ನಿಂತುಹೋಯಿತು.

ಕಣ್ಣು ಬಿಟ್ಟಾಗ ಗಾಳಿ ಇಳಿದಿತ್ತು. ಕೆಂಪು ಧೂಳಿನ ಮೂಲಕ ಬೆಳಕು ತೂರಿ ಬರುತ್ತಿತ್ತು. ಗುಡಾರದ ಬಾಗಿಲಲ್ಲಿ ಫೆನ್ನಾ ಕೂತಿದ್ದಳು. ಅವಳ ತೋಳಿನಲ್ಲಿ ಮಗು ಕೆಂಪಗೆ, ಒದ್ದೆ ಮುಖ ಕಿವುಚಿಕೊಂಡು, ಕಾಲು ಝಾಡಿಸುತ್ತಾ ಅಳುತ್ತಿತ್ತು. ಅವಳು ನಗುತ್ತಿದ್ದಳು, ಕಣ್ಣೀರು ಸುರಿಸುತ್ತಿದ್ದಳು. ದನಿ ಬಂದಿದೆ ಎಂದು ಅವಳ ಮುಖವೇ ಹೇಳುತ್ತಿತ್ತು. ಅವನಿಗೆ ಏನೂ ಕೇಳಲಿಲ್ಲ. ಚಿಂತೆಯಿಲ್ಲ ಎನಿಸಿತು. ಕಾಣುತ್ತದಲ್ಲ, ಅಷ್ಟು ಸಾಕು. ನೆಲದ ಮೇಲೆ ತೆವಳಿಕೊಂಡು ಹೋಗಿ, ಸುಟ್ಟ ಕೈಯನ್ನು ಮಗುವಿನ ಪಾದದ ಹತ್ತಿರ ತಂದ.

ಮಗುವಿನ ಬಾಯಿ ತೆರೆದೇ ಇತ್ತು. ಫೆನ್ನಾಳ ಮುಖದ ನಗು ಮಾತ್ರ ಹೋಯಿತು.

ಅವಳು ಮಗುವಿನ ಬಾಯಿಯನ್ನು ನೋಡಿದಳು. ಅವನನ್ನು ನೋಡಿದಳು. ಅವನು ಕೈ ಹಿಂದಕ್ಕೆಳೆದ. ಅವಳ ಎದೆ ಉಸಿರೆಳೆದು ಇಳಿಯಿತು. ದನಿ ಮತ್ತೆ ಬಂದಿರಬೇಕು. ಅವನು ಇನ್ನೊಮ್ಮೆ, ಮೆಲ್ಲಗೆ, ಒಂದೇ ಬೆರಳು ಚಾಚಿದ. ಮತ್ತೆ ಅವಳ ಕಣ್ಣು ಅಗಲವಾಯಿತು. ಕೆಲ್ಲಾ ಧಾವಿಸಿ ಬಂದು ಅವನ ಭುಜ ಹಿಡಿದು ಹಿಂದಕ್ಕೆ ಎಳೆದಳು. ಫೆನ್ನಾ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗುಡಾರದ ಆಳಕ್ಕೆ ಸರಿದಳು. ಅವಳ ತುಟಿ ಒಂದೇ ಮಾತನ್ನು ಆಡುತ್ತಿತ್ತು. ಆ ಮಾತನ್ನು ಓದಲು ಕಿವಿ ಬೇಕಿರಲಿಲ್ಲ. ಹೋಗು.

ಬೆಳಗಾಗುವ ಹೊತ್ತಿಗೆ ಅವನ ತಲೆಗೆ ಬಟ್ಟೆ ಸುತ್ತಿ, ಉತ್ತರಕ್ಕೆ ಹೊರಟ ಲಾರಿಯ ಸರಕಿನ ಮೇಲೆ ಕೂರಿಸಿದರು. ಉಕ್ಸೆಮ್‌ನನ್ನು ಆಸ್ಪತ್ರೆಗೆ ಸೇರಿಸಿದ್ದರು. ಲಾರಿ ಒಣ ಹೊಳೆಯ ದಂಡೆಯಲ್ಲಿ, ಮನೆಯ ಗೋಡೆಯ ಮಗ್ಗುಲಲ್ಲೇ ಹಾದುಹೋಯಿತು. ಮೇಲಿನಿಂದ ಅಂಗಳ ಕಾಣುತ್ತಿತ್ತು. ಗಂಡಸರು ಸಾಲಾಗಿ ಕೂತಿದ್ದರು. ಹಿರಿಯನೊಬ್ಬ ಮಗುವಿನ ಕಡೆಗೆ ಬಾಗಿ ತುಟಿ ಅಲುಗಿಸಿದ. ಎಲ್ಲರ ಅಂಗೈಗಳೂ ಮೇಲೆದ್ದವು. ಹೆಸರಿಟ್ಟಾಯಿತು.

ಫೆನ್ನಾ ಗುಡಾರದ ಬಾಗಿಲಲ್ಲಿ ನಿಂತು ಲಾರಿಯನ್ನು ನೋಡಿದಳು. ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಅವನಿಗೆ ತಿಳಿಯಲೆಂದು ಹೆಸರನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಮತ್ತೆ ಹೇಳಿದಳು. ಅವನು ಕಣ್ಣು ಕಿರಿದು ಮಾಡಿ ಅವಳ ತುಟಿಗೇ ನೋಟ ನೆಟ್ಟ. ಧೂಳು ಅಡ್ಡ ಬಂತು. ತುಟಿ ತೆರೆಯಿತು, ಮುಚ್ಚಿತು. ಯಾವ ಹೆಸರೂ ಆಗಬಹುದಿತ್ತು.

"ಏನಂದೆ?" ಎಂದು ಕೂಗಿದ. ಕೂಗಿದನೋ ಇಲ್ಲವೋ ಅವನಿಗೇ ಗೊತ್ತಾಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ, ಹೊರಗಿನ ಯಾವ ಸದ್ದೂ ಹೊಗದ ಅವನ ತಲೆಯೊಳಗೆ, ಕಿರ್ರೆಂದು ಒಂದು ಕೂಸು ಎದ್ದು ಅಳಲು ಶುರುಮಾಡಿತ್ತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಅದರಾಚೆಯದು. ಹೆಸರಿಡದವು.